ಸೀರೆಗಳ ನಡುವೆ ಮಲಗಿಸಿದ ಬಾಟಲಿ

ಆ ಬಾಟಲಿಯನ್ನು ಎಂಟು ವರ್ಷ ಸೀರೆಗಳ ಬೀರುವಿನಲ್ಲಿ ಮಲಗಿಸಿಟ್ಟಿದ್ದೆ. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆಯಲ್ಲಿ ಹುಟ್ಟಿದವನಿಗೆ ಬೆಲೆಬಾಳುವ ವಸ್ತು ಅಂದರೆ ಮಲಗಿಸಿಡಬೇಕಾದದ್ದು. ಮೂರು ತಿಂಗಳಿಗೊಮ್ಮೆ ಹೆಂಡತಿ ಸೀರೆಗಳ ಮಡಿಕೆ ಬದಲಿಸುತ್ತಾಳೆ, ಇಲ್ಲದಿದ್ದರೆ ಮಡಿಕೆ ಬಿದ್ದ ಕಡೆಯೇ ಬಟ್ಟೆ ಸೀಳುತ್ತದೆ. ಆಗ ನಾನೂ ಬಾಟಲಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿಸುತ್ತಿದ್ದೆ. ಭಾರಿ ಜಾಣತನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಅದನ್ನು ಕೊಟ್ಟವರು ನಮ್ಮಲ್ಲಿ ಸೀರೆ ನೇಯಿಸುತ್ತಿದ್ದ, ವಿದೇಶದಲ್ಲಿ ನೆಲೆಸಿದ್ದ ಒಬ್ಬ ಹೆಂಗಸು. ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ, ಇಪ್ಪತ್ತೈದು ವರ್ಷ ಪೀಪಾಯಿಯಲ್ಲಿ ಮಾಗಿದ್ದು ಅಂದರು. ಆ ಪೀಪಾಯಿಯಲ್ಲಿ ಮೊದಲು ಶೆರಿ ಅನ್ನುವ ದ್ರಾಕ್ಷಿ ಮದ್ಯ ಇಟ್ಟಿರುತ್ತಾರಂತೆ. ಅದು ಖಾಲಿಯಾದ ಮೇಲೆ ಇದನ್ನು ತುಂಬುತ್ತಾರಂತೆ. ನಾನು ಸುಮ್ಮನೆ ತಲೆಯಾಡಿಸಿದೆ. ಅರ್ಥವಾದದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಗೆಳೆಯನಿಗೆ.

"ನಮ್ ಬಣ್ಣದ್ ಅಂಡೆ ಇದ್ದಂಗೆ," ಅಂದ. "ಮೊದ್ಲು ಅದ್ದಿದ್ ಬಣ್ಣ ಆಮೇಲ್ನ ನೂಲ್ಗೂ ಅಂಟ್ಕತದೆ. ತೆಗಿಲಾ, ಒಂದ್ಕಿತ ಮೂಸ್ ನೋಡವ."

ಅವನು ನಮ್ಮ ಬೀದಿಯ ಕೊನೆಯಲ್ಲಿ ನೂಲು ಬೇಯಿಸಿ ಬಣ್ಣ ಹಾಕುವವನು. ಹಸಿ ರೇಷ್ಮೆಯ ಅಂಟು ಬಿಡುವವರೆಗೆ ಅದನ್ನು ಹಂಡೆಯ ಸೋಪಿನ ನೀರಲ್ಲಿ ಬೇಯಿಸಬೇಕು. ಸ್ವಲ್ಪ ಕಮ್ಮಿಯಾದರೆ ಬಣ್ಣ ಹಿಡಿಯದು, ಜಾಸ್ತಿಯಾದರೆ ನೂಲು ಸತ್ತೇ ಹೋಗುತ್ತದೆ. ಅವನು ಗಡಿಯಾರ ನೋಡಿದವನಲ್ಲ, ಹಬೆ ಮೂಸಿ ಇಳಿಸುತ್ತಿದ್ದ. ಬಿಳಿಗಿರಿರಂಗನ ಬೆಟ್ಟದಿಂದ ಜೇನು ಬಂದರೆ ಯಾವ ಹೂವಿನದು ಅಂತ ಮುಚ್ಚಳ ತೆಗೆದ ಕೂಡಲೇ ಹೇಳುತ್ತಿದ್ದ. ಅವನ ಎದುರು ನನ್ನ ಮೂಗು ಬರೀ ಕನ್ನಡಕ ಕೂರಿಸುವುದಕ್ಕೆ.

ಅವತ್ತು ನಾನು ತೆಗೆಯಲಿಲ್ಲ. ಒಳ್ಳೆ ದಿನ ನೋಡಿ ತೆಗೆಯೋಣ, ಇಬ್ಬರೂ ಸೇರೇ ಕುಡಿಯೋಣ ಅಂದೆ. ಮಗಳ ಮದುವೆ ಬಂತು. ಬೀಗರು ಮಹಾ ಮಡಿವಂತರು, ಬಾಟಲಿ ಬೀರುವಿನಲ್ಲೇ ಉಳಿಯಿತು. ಗೆಳೆಯನಿಗೆ ಅರವತ್ತು ತುಂಬಿತು. ಅವತ್ತು ನಾನು ಹನೂರಿನಲ್ಲಿ ಯಾವುದೋ ನಾಮಕರಣಕ್ಕೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಇವೆಲ್ಲ ನೆಪ. ತೆಗೆದರೆ ಮುಗಿದುಹೋಗುತ್ತದಲ್ಲ ಅನ್ನುವ ಜಿಪುಣತನ ನನ್ನದು.

ಆಮೇಲೆ ಊರಿಗೆಲ್ಲ ಬಂದ ಆ ಜ್ವರ ಅವನಿಗೂ ಬಂತು. ನನಗೂ ಬಂದು ವಾಸನೆಯೇ ತಿಳಿಯದಂತಾಗಿತ್ತು, ತಿಂಗಳಲ್ಲಿ ಸರಿಹೋಯಿತು. ಅವನಿಗೆ ವಾಸನೆ ಮರಳಲೇ ಇಲ್ಲ. ಒಂದು ದಿನ ಇಡೀ ಹಂಡೆಯ ನೂಲು ಅತಿಯಾಗಿ ಬೆಂದು ಮೆತ್ತಗಾಯಿತು. ಯಾರೂ ಅವನನ್ನು ಬೈಯಲಿಲ್ಲ. ಮಾರನೆಯ ದಿನ ಅವನೇ ಒಲೆ ಆರಿಸಿದ. ಕೆಲವು ತಿಂಗಳು ಕಳೆದ ಮೇಲೆ ನಮ್ಮ ಜಗುಲಿಗೆ ಬಂದು ಕೂತ.

"ಆ ಬಾಟ್ಲಿ ಇನ್ನೂ ಅದಾ? ಎಂಥದಾರ ಗಟ್ಟಿ ವಾಸ್ನೆ ಒಡುದ್ರೆ ಮೂಗು ತೆರ್ಕಬೋದು ಅಂತ ಒಂದ್ ಆಸೆ."

ನನ್ನ ಹಾಳು ಬಾಯಿಗೆ ಆಗಲೂ ಈಗಲೇ ಬಾ ಅನ್ನಲು ಬರಲಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ, ಆಗ ತೆಗೆಯೋಣ ಅಂದೆ. ಎಂಟು ವರ್ಷ ಒಳ್ಳೆ ದಿನ ಕಾದ ಬಾಟಲಿ ಕೊನೆಗೆ ಅಮಾವಾಸ್ಯೆಯ ಮಧ್ಯಾಹ್ನ ಹೊರಗೆ ಬಂತು.

ಬಿರಡೆ ತಿರುಗಿಸಿದರೆ ಮೇಲಿನ ತುಂಡು ಮಾತ್ರ ಕೈಗೆ ಬಂತು, ಉಳಿದದ್ದು ಪುಡಿಯಾಗಿ ಒಳಗೆ ಬಿತ್ತು. ಮಲಗಿಸಿಟ್ಟದ್ದರಿಂದ ವಿಸ್ಕಿ ಅಷ್ಟು ವರ್ಷವೂ ಬಿರಡೆಯನ್ನು ತಿಂದಿತ್ತು. ಗೆಳೆಯ ಜೇಬಿನಿಂದ ರೇಷ್ಮೆ ಬಟ್ಟೆಯ ಚೂರು ತೆಗೆದು ಸೋಸಿದ. ಬಣ್ಣ ಪರೀಕ್ಷೆಗೆ ಇಟ್ಟುಕೊಂಡಿದ್ದ ಬಿಳಿ ಪಿಂಗಾಣಿ ಬಟ್ಟಲಿಗೆ ಸುರಿದು ಬಿಸಿಲಿಗೆ ಹಿಡಿದ. ಹುಣಸೆ ನೀರಿಗೆ ಬೆಲ್ಲ ಕದಡಿದ ಬಣ್ಣ. ಓರೆ ಮಾಡಿದರೆ ಬಟ್ಟಲಿನ ಒಳಮೈಗೆ ಅಂಟಿಕೊಂಡು ನಿಧಾನವಾಗಿ ಇಳಿಯಿತು.

"ಬಣ್ಣ ಸಂದಾಗ್ ಕೂತದೆ. ಮೊದ್ಲು ನೀನ್ ಮೂಸಿ ಏನ್ ವಾಸ್ನೆ ಅಂತ ಏಳು."

"ಒಣದ್ರಾಕ್ಷಿ," ಅಂದೆ.

"ಬರೀ ಒಣದ್ರಾಕ್ಷಿಯಾ, ತುಪ್ಪದಲ್ಲಿ ಉರ್ದಿದ್ದಾ?"

ಮತ್ತೆ ಮೂಸಿದೆ. ತುಪ್ಪದಲ್ಲಿ ಹುರಿದದ್ದೇ. ಅವನು ಕೇಳಿದಂತೆಲ್ಲ ಒಂದೊಂದೇ ಸಿಕ್ಕಿತು: ಒಣಗಿದ ಕಿತ್ತಳೆ ಸಿಪ್ಪೆ, ಆಲೆಮನೆಯ ಬಿಸಿ ಬೆಲ್ಲ, ಎಣ್ಣೆ ಕುಡಿದ ಹಳೆಯ ಮಗ್ಗದ ಮರ. ಎರಡು ಹನಿ ನೀರು ಬಿಡು ಅಂದ. ಬಿಟ್ಟೆ, ಬೆಟ್ಟದ ಜೇನು ಎದ್ದು ಬಂತು. ಗುಟುಕು ನುಂಗಿದೆ. ಸಿಹಿ ಮೊದಲು ಹೋಯಿತು, ಲವಂಗದ ಖಾರ ಸ್ವಲ್ಪ ಹೊತ್ತು ನಿಂತಿತು, ಮರದ ಒಗರು ನಾಲಿಗೆಯ ಬುಡದಲ್ಲಿ ಬಹಳ ಹೊತ್ತು ಕೂತಿತ್ತು. ಇಷ್ಟೆಲ್ಲ ನನ್ನ ಮೂಗಿಗೂ ಸಿಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಏನೋ ಬಚ್ಚಿಡ್ತಿದ್ದೀಯೆ," ಅಂದ.

"ಕೊನೇಲಿ ನೆನೆದ ಗೋಣಿಚೀಲದ ವಾಸನೆ. ಬಿರಡೆ ಕೊಳೆತದ್ದು. ನಾನು ಕೆಡಿಸಿದ್ದು," ಅಂದೆ.

"ಇರ್ಲಿ ಬುಡು," ಅಂದು ಬಟ್ಟಲು ತೆಗೆದುಕೊಂಡ. ಹಂಡೆಯ ಮೇಲೆ ಬಾಗುತ್ತಿದ್ದ ಹಾಗೇ ಕಣ್ಣು ಮುಚ್ಚಿ ಬಾಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮೂರು ಸಲ ಉಸಿರೆಳೆದು ಮೂಸಿದ. ಒಂದು ಹನಿ ಅಂಗೈಗೆ ಹಾಕಿ ತಿಕ್ಕಿ ಮೂಗಿಗೆ ಒತ್ತಿಕೊಂಡ. ಆಮೇಲೆ ಬಟ್ಟಲು ಕೆಳಗಿಟ್ಟ.

"ಏನೂ ಇಲ್ಲ," ಅಂದ.

ಒಳಗಿನಿಂದ ಹೆಂಡತಿ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ನಿಟ್ಟುಸಿರುಬಿಟ್ಟಳು. ಅದು ನಿಜವಲ್ಲ. ಅವನಿಗೆ ಹಲ್ಲೂ ಇತ್ತು, ಕಡಲೆಯೂ ಇತ್ತು. ಡಬ್ಬಿಗೆ ಬೀಗ ಹಾಕಿದವನು ನಾನು. ತಪ್ಪಾಯಿತು ಕಣೋ ಅಂದೆ.

ಅವನು ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದ.

"ನೂಲ್ ಬೇಯೋ ವಾಸ್ನೆ ಈಗ್ಲೂ ಗ್ಯಾಪ್ಕ ಅದೆ ಕಣ್ಲಾ. ಕಣ್ ಮುಚ್ಚುದ್ರೆ ಬತ್ತದೆ. ಜೇನ್ದೂ ಬತ್ತದೆ. ಇದ್ನ ಅವತ್ತು ಒಂದೇ ಒಂದ್ಕಿತ ಮೂಸಿದ್ದಿದ್ರೆ, ಇವತ್ತು ಇದೂ ಬತ್ತಿತ್ತು."

ನನ್ನ ಬಾಯಲ್ಲಿ ಇನ್ನೂ ಜೇನಿನ ರುಚಿಯಿತ್ತು. ಅವನು ಬಟ್ಟಲನ್ನು ನನ್ನ ಕಡೆ ತಳ್ಳಿ, "ಯಾವ್ಯಾವ್ ವಾಸ್ನೆ ಅಂತ ಇನ್ನೊಂದ್ಕಿತ ಏಳು, ಮೊದ್ಲಿಂದ," ಅಂದ. ನಾನು ಒಣದ್ರಾಕ್ಷಿಯಿಂದ ಶುರುಮಾಡಿದೆ.