ಬಡಾವಣೆಯ ನಲ್ಲಿ

ದೊಡ್ಡಗಾಜನೂರಿನಲ್ಲಿ ಇಪ್ಪತ್ತು ವರ್ಷದಿಂದ ನೀರು ಬಿಡುವ ಷಡಕ್ಷರಿಗೆ ಊರಾಚೆಯ ಹೊಸ ಬಡಾವಣೆ ಕಂಡರೆ ಮೈಯೆಲ್ಲ ಉರಿ. ಬಣ್ಣದ ಬಾವುಟ ನೆಟ್ಟರೆ ನೀರು ಬರುತ್ತದೆಯೇ? ಇರುವ ಒಂದೇ ಟ್ಯಾಂಕು ಊರಿಗೇ ಸಾಲದು. ಆದರೂ ಭಾನುವಾರ, ಸೈಟು ನೋಡಲು ಬಂದವರ ಕಣ್ಣಿಗೆ ಮಣ್ಣೆರಚಲು, ಸೈಟು ಮಾರುವ ಊರಿನವನೇ ಆದ ಉಮಾಶಂಕರ್ ಅವನನ್ನು ಗದರಿಸಿ ಊರಿನ ವಾಲ್ವು ಮುಚ್ಚಿಸಿ, ನೀರನ್ನೆಲ್ಲ ಬಡಾವಣೆಯ ನಲ್ಲಿಗೆ ಹರಿಸಿದ.

ಮರುದಿನ ಗ್ರಾಮಸಭೆಯಲ್ಲಿ ಮನೆಗೆ ನೀರಿಲ್ಲವೆಂದು ಜನ ಕೂಗಾಡಿದರು.

"ನೀರಿಗೇನ್ ಬರ? ನೆನ್ನೆ ನಲ್ಲೀಲಿ ಎಂಗ್ ಸುರೀತಿತ್ತು, ನೋಡ್ನಿಲ್ವಾ?" ಎಂದು ಉಮಾಶಂಕರ್ ಮೀಸೆ ತಿರುವಿದ.

ಲಿಂಗಪೂಜೆಯಾಗದೆ ತುತ್ತು ಮುಟ್ಟದ ಮನೆತನ ಅವನದು. ಷಡಕ್ಷರಿ ಎದ್ದು ಕೈಮುಗಿದ. "ಬುದ್ದಿ, ಟ್ಯಾಂಕು ಇನ್ನೂ ಖಾಲಿ. ಬೆಳಿಗ್ಗೆ ನಿಮ್ಮ ಲಿಂಗಪೂಜೆ ಆಯ್ತಾ?"

ಹೆಂಗಸರ ಸಾಲಿನಿಂದ ಉಮಾಶಂಕರನ ಹೆಂಡತಿ ಮಂಗಳಗೌರಿಯೇ ಹೇಳಿದಳು: "ಎಲ್ಲಿ ಷಡಕ್ಷರಣ್ಣ, ಒಂದ್ ಚೊಂಬು ನೀರಿರ್ನಿಲ್ಲ. ಅಸ್ಕಂಡೇ ಬಂದು ಕೂತವ್ರೆ."