ಪದ್ಮಶ್ರೀ ಅಳಿಸದ ಸಾಲು

ಹೆಬ್ಬಾಳದ ಆ ರಕ್ತಪರೀಕ್ಷೆ ಲ್ಯಾಬಿನ ಮುಖ್ಯ ಕಚೇರಿಯಲ್ಲಿ ಪದ್ಮಶ್ರೀಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಅಲ್ಲಿಗೆ ಸರಿಹೋಯಿತು. ಗದಗಿನ ಕಡೆಯ ಹೆಣ್ಣುಮಗಳು, ಪುಟ್ಟೇನಹಳ್ಳಿಯಲ್ಲಿ ಬಾಡಿಗೆ ಮನೆ. ಹನ್ನೊಂದು ಶಾಖೆಗಳ ರೋಗಿಗಳ ವರದಿಗಳೆಲ್ಲ ಇರುವ ಡೇಟಾಬೇಸನ್ನು ಕಾಯುವುದು ಅವಳ ಕೆಲಸ. ಕಾಯುವವರು ಯಾವಾಗಲೂ ಬೇಡ ಎನ್ನುತ್ತಲೇ ಇರಬೇಕಾಗುತ್ತದೆ, ಬೇಡ ಎನ್ನುವವರನ್ನು ಯಾರು ಮೆಚ್ಚುತ್ತಾರೆ?

ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಂಡು ಒಳಗೆ ಹೋಗುತ್ತಿದ್ದರು. ಅದನ್ನು ನಿಲ್ಲಿಸಿ ಅವರವರ ಹೆಸರಿಗೆ ಲಾಗಿನ್ ಕೊಟ್ಟಳು, ಬೈಸಿಕೊಂಡಳು. ಬ್ಯಾಕಪ್ ಆಯಿತೆಂದು ದಿನವೂ ಬರುವ ಮೆಸೇಜನ್ನು ನಂಬದೆ, ಪ್ರತಿ ಶನಿವಾರ ಅದನ್ನು ಹಳೆಯ ಕಂಪ್ಯೂಟರಿಗೆ ಹಾಕಿ ತೆರೆಯುತ್ತದೋ ಇಲ್ಲವೋ ನೋಡುತ್ತಿದ್ದಳು. ನಿಜವಾದ ಡೇಟಾಬೇಸಿನ ಕಿಟಕಿಗೆ ಕೆಂಪು ಬಣ್ಣ, ಪ್ರಯೋಗಕ್ಕೆ ಇಟ್ಟ ಅದರ ನಕಲಿಗೆ ಹಸಿರು ಬಣ್ಣ ಕೊಟ್ಟಿದ್ದಳು. ಎರಡೂ ಒಂದೇ ಥರ ಕಂಡರೆ ಎಂಥವನ ಕೈಯೂ ತಪ್ಪುತ್ತದೆ.

ಮ್ಯಾನೇಜರ್ ಗೋಕುಲನಿಗೆ ಇದೆಲ್ಲ ಅಜ್ಜಿ ಕಾಲದ ಮಡಿ. ಇನ್ನೊಂದು ವರ್ಷದಲ್ಲಿ ಎಐ ಬಂದು ನಿಮ್ಮ ಕೆಲಸ ಮಾಡುತ್ತದೆ ಎಂದು ಮೀಟಿಂಗಿನಲ್ಲಿ ಎಲ್ಲರೆದುರು ನಗುತ್ತಿದ್ದ. ಕೆಂಪು ಕಣ್ಣಿಗೆ ಚುಚ್ಚುತ್ತದೆಂದು ತನ್ನ ಕಂಪ್ಯೂಟರಿನಲ್ಲಿ ಎರಡು ಕಿಟಕಿಗೂ ಕಪ್ಪು ಬಣ್ಣ ಹಾಕಿಕೊಂಡಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಮೂರು ಲಕ್ಷ ವರದಿಗಳು ಮಾಯವಾದವು. ಕೋಗಿಲು ಶಾಖೆಯಲ್ಲಿ ಆಪರೇಷನ್ನಿಗೆ ಮುಂಚೆ ವರದಿ ಬೇಕೆಂದು ಬಂದವರು ಕೌಂಟರಿನ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅರ್ಧ ಗಂಟೆಯೊಳಗೆ ಗೋಕುಲ್ ಮೇಲಿನವರಿಗೆಲ್ಲ ಮೇಲ್ ಹಾಕಿದ, ಡೇಟಾಬೇಸ್ ನೋಡಿಕೊಳ್ಳುವವರ ಅಜಾಗರೂಕತೆಯಿಂದ ಹೀಗಾಗಿದೆ ಎಂದು. ಸಂಜೆ ಐದರೊಳಗೆ ಪದ್ಮಶ್ರೀ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಂತೆ. ಹಾಕಿದರೆ ಕೆಲಸ ಹೋಯಿತು, ಅದಕ್ಕಿಂತ ಹೆಚ್ಚಾಗಿ ಈ ಊರಿನಲ್ಲಿ ಇನ್ನು ಯಾರೂ ಅವಳ ಕೈಗೆ ಡೇಟಾಬೇಸ್ ಕೊಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಪದ್ಮಶ್ರೀ ಆ ಪತ್ರವನ್ನು ಪಕ್ಕಕ್ಕಿಟ್ಟಳು. ಮೊದಲು ವರದಿಗಳು. ಬೆಳಗಿನ ಜಾವದ ಬ್ಯಾಕಪ್ ಹಾಕಿ, ಆಮೇಲಿನ ಬದಲಾವಣೆಗಳನ್ನು ಅದರ ಮೇಲೆ ಕ್ರಮವಾಗಿ ಸೇರಿಸುತ್ತ, ವರದಿಗಳು ಮಾಯವಾದ ಹೊತ್ತಿಗಿಂತ ಒಂದು ನಿಮಿಷ ಮುಂಚೆ ಸರಿಯಾಗಿ ನಿಲ್ಲಿಸಿದಳು. ಪ್ರತಿ ಶನಿವಾರ ಮಾಡಿ ಕೈ ಪಳಗಿತ್ತು. ಮಧ್ಯಾಹ್ನ ಎರಡಕ್ಕೆ ಎಲ್ಲ ವಾಪಸ್ ಬಂತು, ಯಾರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ.

ಆಮೇಲೆ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ ತೆರೆದಳು. ಅಳಿಸುವ ಆದೇಶದ ಮುಂದೆ ಗೋಕುಲನ ಹೆಸರಿತ್ತು. ಹಸಿರು ಕಿಟಕಿಯಲ್ಲಿ ಹಾಕಬೇಕಿದ್ದುದನ್ನು, ಎಐ ಬರೆದುಕೊಟ್ಟ ಹಾಗೇ, ಪ್ರಯೋಗಕ್ಕೆ ಮಾತ್ರ ಎಂಬ ಅದರ ಟಿಪ್ಪಣಿಯನ್ನೂ ಓದದೆ, ಕೆಂಪಿನದರಲ್ಲಿ ಹಾಕಿದ್ದ. ಅವನಿಗೆ ಎರಡೂ ಕಪ್ಪಲ್ಲವೇ. ಆ ದಾಖಲೆ ತಿದ್ದಲು ಅವಳೊಬ್ಬಳಿಗೆ ಮಾತ್ರ ಸಾಧ್ಯವೆಂದು ಅವನಿಗೂ ಗೊತ್ತಿತ್ತು. ನಾಲ್ಕೂವರೆಗೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಒಂದೇ ಒಂದ್ ಲೈನ್ ಕಣ್ರೀ ಪದ್ಮಶ್ರೀ, ತೆಗ್ದುಬಿಡಿ. ಆ ಲೆಟರ್ ನಾನೇ ಹರಿದ್ಹಾಕ್ತೀನಿ. ನಿಮ್ ಪ್ರಮೋಷನ್ನೂ ನೋಡ್ಕೋತೀನಿ."

ಆರು ವರ್ಷ ಬೆಂಗಳೂರಿನ ಮಾತನ್ನೇ ಆಡಿಕೊಂಡಿದ್ದ ಪದ್ಮಶ್ರೀಯ ಬಾಯಲ್ಲಿ ಗದಗು ಎದ್ದು ನಿಂತಿತು.

"ಅಳಸಾಕ ನನಗ ಬರ್ತೈತ್ರಿ. ಆದ್ರ ಅಳಸಂಗಿಲ್ಲ."

ತಪ್ಪೊಪ್ಪಿಗೆಯ ಜಾಗದಲ್ಲಿ ಆ ಸಾಲನ್ನೇ ಅಂಟಿಸಿ, ಐದಕ್ಕೆ ಹತ್ತು ನಿಮಿಷವಿರುವಾಗ ಎಲ್ಲರಿಗೂ ಕಳಿಸಿದಳು.

ಮತ್ತೆ ಯಾರೂ ಪದ್ಮಶ್ರೀಯ ಸಹಿ ಕೇಳಲಿಲ್ಲ, ಗೋಕುಲನಿಗೂ ಏನೂ ಆಗಲಿಲ್ಲ. ಎರಡು ತಿಂಗಳಿಗೆ ಬೇರೆ ಕಂಪನಿಯಲ್ಲಿ ಇನ್ನೂ ದೊಡ್ಡ ಕುರ್ಚಿ ಹಿಡಿದ. ಬೀಳ್ಕೊಡುವ ದಿನ ಕೇಕ್ ಕತ್ತರಿಸಿದರು, ಪದ್ಮಶ್ರೀ ಏಳಲಿಲ್ಲ. ಹೋದವನ ಲಾಗಿನ್ ಮುಚ್ಚುವುದೂ ಅವಳದೇ ಕೆಲಸ. ಅದನ್ನು ಮುಚ್ಚಿ ಐದೂವರೆಯ ಬಸ್ಸಿಗೆ ಹೊರಟಳು. ಆ ಸಾಲು ಇನ್ನೂ ದಾಖಲೆಯಲ್ಲೇ ಇದೆ.