ಔರಾದಿನಿಂದ ಬೀದರಿಗೆ, ಮರದ ಪಟ್ಟಿಯ ಅಳತೆಯಲ್ಲಿ

ಬೀದರಿನ ಮೇಲೆ ವಿಮಾನ ಹಾರಿದಾಗಲೆಲ್ಲ ಮೊಮ್ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಹೈದರಾಬಾದಿಗೆ ಎಷ್ಟು ನಿಮಿಷ, ಬೆಂಗಳೂರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನನಗೆ ಮಾತ್ರ ಹಳೆಯ ಸಿಟ್ಟು ನೆತ್ತಿಗೇರುತ್ತದೆ. ನಿಜಾಮರ ಕಾಲದ ಒಬ್ಬ ಗುಮಾಸ್ತ, ಎತ್ತಿನ ಗಾಡಿಯ ನಮಗೆ ವಿಮಾನದ ದಾರಿಯಲ್ಲಿ ಬನ್ನಿ ಎಂದಿದ್ದ.

ಆಗ ನಾನು ಔರಾದಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೆ. ತಂಗಿಯ ಗಂಡ ತೀರಿಕೊಂಡಿದ್ದ. ಮೈದುನರ ಮನೆಯಲ್ಲಿ ಬಿಟ್ಟಿ ಚಾಕರಿ ಮಾಡುತ್ತಿದ್ದವಳನ್ನು ನಾನೇ ಜಗಳವಾಡಿ ಕರೆತಂದು, ಓದಿಸಿ, ಬೀದರಿನ ಒಂದು ದವಾಖಾನೆಯ ಹೆರಿಗೆ ಮಾಡಿಸುವ ದಾಯಿಯ ತರಬೇತಿಗೆ ಅರ್ಜಿ ಹಾಕಿಸಿದ್ದೆ. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಆಯ್ಕೆಯಾಗದಿದ್ದರೆ ಮತ್ತೆ ಅದೇ ಮನೆ, ಅದೇ ಮುಸುರೆ.

ಪರೀಕ್ಷೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಂಬ ಕಾಗದ ನಮ್ಮ ಕೈಗೆ ಬಂದದ್ದು ಸೋಮವಾರ ಮಧ್ಯಾಹ್ನ! ಹದಿನೈದು ಕೋಸಿನ, ಅಂದರೆ ಮೂವತ್ತು ಮೈಲಿಯ, ಆಚೆಯವರಿಗೆ ವಾರ ಮೊದಲೇ ತಿಳಿಸುತ್ತಿದ್ದರಂತೆ. ಒಳಗಿನವರಿಗೆ ಹಾಗಿಲ್ಲ. ಗುಮಾಸ್ತ ಗೋಡೆಯ ನಕ್ಷೆಯ ಮೇಲೆ ಮರದ ಪಟ್ಟಿ ಇಟ್ಟು ನೇರ ಗೆರೆಯಲ್ಲಿ ಅಳೆದಿದ್ದ. ಔರಾದು ಹನ್ನೆರಡೇ ಕೋಸು.

ನಮ್ಮೂರಿನಲ್ಲಿ ಬೀದರ್ ಎಷ್ಟು ದೂರ ಎಂದು ಕೇಳಿದರೆ ಯಾರೂ ಕೋಸು ಹೇಳುತ್ತಿರಲಿಲ್ಲ. ‘ಹೊಳಿ ಹ್ಯಾಂಗ ಅದ?’ ಎಂದು ತಿರುಗಿ ಕೇಳುತ್ತಿದ್ದರು. ನಡುವಿನ ಮಾಂಜ್ರಾ ನದಿ ಇಳಿದಿದ್ದರೆ ಒಂದು ಹಗಲಿನ ದಾರಿ. ತುಂಬಿದ್ದರೆ ಎಷ್ಟೆಂದು ಹೊಳೆಯೇ ಹೇಳಬೇಕು. ಆ ಸಲ ಅದು ದಡ ಮೀರಿತ್ತು.

‘ಈ ನೀರಾಗ ಎತ್ತು ಇಳಸಾಕ ಆಗಂಗಿಲ್ರಿ ಅಕ್ಕೋರೇ. ಭಾಲ್ಕಿ ಕಡಿಂದ ಹೋಗೋಣ್ರಿ’ ಎಂದ ಗಾಡಿಯವನು.

ಮಂಗಳವಾರವೆಲ್ಲ ದಂಡೆ ಹಿಡಿದು ಸುತ್ತಿದೆವು. ಬುಧವಾರ ಬೆಳಗಾದ ಮೇಲೆ ದೋಣಿಯವನು ದಾಟಿಸಿದ. ಮೊಣಕಾಲುದ್ದ ಕೆಸರು ತುಳಿದು ಭಾಲ್ಕಿ ಮುಟ್ಟಿ, ರೈಲು ಹತ್ತಿ, ದವಾಖಾನೆಯ ಕಚೇರಿಗೆ ಕಾಲಿಟ್ಟಾಗ ಮೂರು ಗಂಟೆ.

‘ಪರೀಕ್ಷಾ ಮುಗೀತ್ರಿ’ ಎಂದ ಗುಮಾಸ್ತ, ತಲೆ ಎತ್ತದೆ. ‘ಹನ್ನೆರಡು ಕೋಸಿಗಿ ಎರಡು ದಿನ ಬೇಕೇನ್ರಿ?’

ನನ್ನ ಮೈಯೆಲ್ಲ ಉರಿಯಿತು. ನೇರವಾಗಿ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟೆ. ‘ಇಲ್ಲಿ ನೋಡ್ರಿ. ನಿಮ್ಮ ಪಟ್ಟಿ ಕೆಳಗ ಈ ನೀಲಿ ಗೆರಿ ಏನದ?’

‘ಹೊಳಿ ಅದರಿ.’

‘ಅದನ್ನ ಹ್ಯಾಂಗ ದಾಟಬೇಕ್ರಿ?’

‘ಕಾಯ್ದಾದಾಗ ಹೊಳಿ ಇಲ್ರಿ, ಅಕ್ಕೋರೇ.’

ಬಾಯಿಗೆ ಬಂದಂತೆ ಬೈದೆ. ಇಂದಿಗೂ ಅದಕ್ಕೆ ನನಗೆ ನಾಚಿಕೆಯಿಲ್ಲ. ಪಟ್ಟಿ ಹಿಡಿದವನು ಒಮ್ಮೆಯಾದರೂ ಆ ನೀರಿಗೆ ಕಾಲು ಇಳಿಸಿದ್ದನೇ? ಅಷ್ಟು ಹೊತ್ತೂ ತಂಗಿ ಮೇಜಿನ ಮೇಲೆ ತೆರೆದಿದ್ದ ಉರ್ದು ಹಾಜರಿ ದಫ್ತರವನ್ನೇ ನೋಡುತ್ತಿದ್ದಳು. ಆ ಅಕ್ಷರಗಳನ್ನು ಅವಳಿಗೆ ಕಲಿಸಿದವಳೂ ನಾನೇ. ಅವಳ ಹೆಸರಿನ ಮುಂದೆ ಬರೆದಿತ್ತು: ಗೈರುಹಾಜರು, ಕಾರಣವಿಲ್ಲ.

‘ಸಾಹೇಬ್ರೇ, ಪರೀಕ್ಷಾ ಬ್ಯಾಡ್ರಿ’ ಎಂದಳು ಮೆಲ್ಲಗೆ. ‘ನಾ ಬಂದೀನಿ ಅಂತ ಅಷ್ಟರ ಬರೀರಿ.’

ಆತ ದಫ್ತರ ಮುಚ್ಚಿದ. ನೆಲದ ಮೇಲೆ ನಮ್ಮ ಕಾಲಿನ ಕೆಸರು ಬಿದ್ದಿತ್ತು. ಅದನ್ನು ಒರೆಸಲು ಜವಾನನನ್ನು ಕೂಗಿದ.